ಹಲ್ಲಲ್ಲಿ ದಾರ ಕಚ್ಚಿದ ಜಯಮ್ಮತ್ತೆ

ಜಯಮ್ಮತ್ತೆ ಬಾಯಿ ಪೂರ್ತಿ ತೆರೆದು ಮಾತಾಡಿದ್ದನ್ನು ನಮ್ಮ ಅಕ್ಕೂರಿನಲ್ಲಿ ಕಂಡವರು ಕಡಿಮೆ. ಸದಾ ಹಲ್ಲಿನ ನಡುವೆ ದಾರ. ಬಿಳಿ ಬಟ್ಟೆಯನ್ನು ಚಿವುಟಿ ಹಿಡಿದು, ದಾರ ಸುತ್ತಿ, ಹಲ್ಲಿನಿಂದ ಜಗ್ಗಿ ಬಿಗಿಯುತ್ತಿದ್ದರು. ಹಾಗೇ ಹಾಲಿನವನ ಜೊತೆ ಜಗಳವನ್ನೂ ಆಡುತ್ತಿದ್ದರು. ಅರ್ಧ ಮಾತು ಹಲ್ಲಲ್ಲೇ ಉಳಿದರೂ ಬೈಗುಳ ಮಾತ್ರ ತಪ್ಪದೆ ತಲುಪುತ್ತಿತ್ತು.

ಸ್ವಂತ ಅತ್ತೆಯಲ್ಲ, ಎದುರು ಮನೆಯವರು. ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವುದು ಅವರು ಹರೆಯದಲ್ಲಿ ಕನಕಪುರದ ಯಾವುದೋ ತರಬೇತಿಯಲ್ಲಿ ಕಲಿತ ವಿದ್ಯೆ. ಜೊತೆಗೆ ಕಲಿತವರೆಲ್ಲ ರೇಷ್ಮೆಹುಳು ಸಾಕಲು ಹೋದರು, ಇವರು ಹಿತ್ತಲಿನ ನೀಲಿ ಬಣ್ಣದ ಬಾನಿಯನ್ನು ಬಿಡಲಿಲ್ಲ. ಬಣ್ಣ ಹುಳಿ ಬರಲೆಂದು ಅದಕ್ಕೆ ಬೆಲ್ಲ ಹಾಕುವಾಗ, "ಉಣ್ಣವ್ವ, ಒಸಿ ಉಣ್ಣು" ಎಂದು ಉಪಚರಿಸುತ್ತಿದ್ದರು. ಗಂಟು ಹಾಕಿದ ಬಟ್ಟೆಯನ್ನು ಬಾನಿಯಲ್ಲಿ ಅದ್ದಿ, ಒಣಗಿಸಿ ಬಿಚ್ಚಿದರೆ ನೀಲಿಯ ನಡುವೆ ಬಿಳಿ ಹೂವು. ಗಂಟು ಸಡಿಲವಾದರೆ ನೀಲಿ ಒಳನುಗ್ಗಿ ಹೂವು ಕದಡುತ್ತದೆ. ತನ್ನ ಹೂವು ಕದಡಿದ್ದೇ ಇಲ್ಲ ಎಂಬ ಜಂಬ ಅತ್ತೆಗೆ ಬೆಟ್ಟದಷ್ಟಿತ್ತು.

ಒಮ್ಮೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಚೀನಾ ದೇಶದ ಬಾಯ್ ಎಂಬ ಬುಡಕಟ್ಟಿನ ಹೆಂಗಸರು ಜಗಲಿಯಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದರು, ಅದೇ ನೀಲಿ. ಅತ್ತೆ ಬಾಯಿಂದ ದಾರ ತೆಗೆದರು. "ನೋಡ್ದಾ, ಆಯಮ್ಮನೂ ದಾರ ಕಚ್ಕೊಂಡವ್ಳೆ! ನಮ್ಮೋರೇ ಬುಡು. ಅವ್ರ ಮಾತು ಬಂದಿದ್ರೆ ಒಂದ್ಸಲ ಹೋಗ್ಬುಟ್ಟು ಬತ್ತಿದ್ದೆ."

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ನಾನು ಹೊಲಿಗೆ ಕೆಲಸಕ್ಕಿದ್ದಾಗ ಸ್ಕೂಟಿಯಿಂದ ಬಿದ್ದು ಬಲಗೈಯ ಎರಡು ಬೆರಳು ಮುರಿದವು. ಕಟ್ಟು ಬಿಚ್ಚಿದ ಮೇಲೂ ಅವು ಮಡಚಲಿಲ್ಲ. ಸೂಜಿ ಹಿಡಿಯಲಾರದವಳಿಗೆ ಯಾರು ಕೆಲಸ ಕೊಡುತ್ತಾರೆ? ಊರಿಗೆ ಬಂದು ಅಳುತ್ತಾ ಕೂತವಳನ್ನು ಅತ್ತೆ ಎಳೆದುಕೊಂಡು ಹೋದರು. "ನಾನ್ ಕಟ್ತೀನಿ, ನೀನ್ ಬಿಚ್ಚು. ಕಟ್ಟಿದ ಕೈಲೇ ಬಿಚ್ಚಬಾರ್ದು ಕಣವ್ವ. ಒಳಗೇನೈತೆ ಅಂತ ಗೊತ್ತಿರ್ತದಲ್ಲ, ಖುಸಿನೇ ಆಗಾಕಿಲ್ಲ."

ಮೊದಲ ದಿನವೇ ಗಂಟುಗಳು ನನ್ನ ಮಾತು ಕೇಳಿದವು. ಹೂವಿನ ಅಂಚು ಕದಡಿರುತ್ತಿತ್ತು, ಹೊಸಬಳಾದ ನನ್ನ ಕಣ್ಣಿಗೆ ಅದೂ ಚೆಂದವೇ. ಕೈಗೆ ಬಲ ಬಂತೆಂದು ಅವ್ವನ ಮುಂದೆ ಬೀಗಿದೆ. ಬರುಬರುತ್ತಾ ಗಂಟುಗಳು ಸತಾಯಿಸತೊಡಗಿದವು. ಗೊಣಗಿದರೆ, "ದಾರ ಬದಲಾಗೈತೆ, ಹೊಸ ಉಂಡೆ" ಎನ್ನುತ್ತಿದ್ದರು. ಆ ಮೊಂಡು ಗಂಟುಗಳ ಜೊತೆ ಗುದ್ದಾಡಿಯೇ ನನ್ನ ಬೆರಳು ಮಡಚಿದವು. ಆಮೇಲೆ ಕಟ್ಟುವುದನ್ನೂ ಕಲಿಸಿದರು. ಇವತ್ತು ನಾನು ಉಣ್ಣುವ ಅನ್ನ ಆ ಕೆಲಸದ್ದು.

ಹೋದ ವರ್ಷ ಅತ್ತೆ ತೀರಿಕೊಂಡರು. ತಿಥಿ ಮುಗಿದ ಮೇಲೆ ನಾನು ಕಟ್ಟಿದ ದುಪಟ್ಟಾಗಳನ್ನು ರಾಮನಗರದ ಅಂಗಡಿಗೆ ಒಯ್ದೆ. ಅತ್ತೆಯ ಬಟ್ಟೆಯನ್ನು ಯಾವಾಗಲೂ ಕೊಳ್ಳುತ್ತಿದ್ದ ಶಿವಣ್ಣ ಬಿಡಿಸಿ ನೋಡಿದ.

"ಥೇಟ್ ಜಯಮ್ಮಂದೇ ಕೈ. ಮಧ್ಯ ಒಂದ್ ವರ್ಸ ಆಯಮ್ಮನ ಕೈ ಕೆಟ್ಟೋಗಿತ್ತು ನೋಡು. ಹೂವೆಲ್ಲ ಕದಡ್ಕೊಂಡು ಬರಾವು. ಬೈದ್ರೆ, ವಯಸ್ಸಾಯ್ತು ಕಣಪ್ಪ, ಕೈಲಿ ಬಿಗಿ ಇಲ್ಲ, ಒಸಿ ತಡ್ಕೋ ಅನ್ನೋಳು."

"ಯಾವಾಗ ಅಣ್ಣಾ?"

"ನೀನು ಕೈ ಮುರ್ಕೊಂಡು ಊರಿಗೆ ಬಂದಿದ್ಯಲ್ಲ, ಆವಾಗ."

ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹಾಲಿನವನಿಗೂ ಸೋಲದವರು ನನ್ನ ಎರಡು ಬೆರಳಿಗಾಗಿ ಇವನ ಕೈಲಿ ಬೈಸಿಕೊಂಡಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

"ಅತ್ತೆ ಕೈ ಕೆಟ್ಟಿರ್ಲಿಲ್ಲ ಅಣ್ಣಾ," ಎಂದೆ. "ನನ್ ಕೈಲಿ ಬಿಚ್ಚಕ್ಕಾಗ್ಲಿ ಅಂತ ಸಡಿಲ ಕಟ್ಟೋರು."