ಎರಡು ಸೀಮೆಗಳ ಸೂಲಗಿತ್ತಿ ಮುನಿತಾಯಮ್ಮನವರು

ಮೈಸೂರು ಸಂಸ್ಥಾನದ ಸರ್ಕಾರಿ ಸೂಲಗಿತ್ತಿಯರಲ್ಲಿ ಶ್ರೀಮತಿ ಮುನಿತಾಯಮ್ಮನವರದು ಬೇರೆಯೇ ಎತ್ತರ. ಹೊಸಕೋಟೆ ತಾಲ್ಲೂಕಿನ ತೆಂಕಣ ಅಂಚಿನ ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಸವೆಸಿ, ಈ ೧೯೪೬ರಲ್ಲಿ ನಿವೃತ್ತರಾಗುತ್ತಿರುವ ಅವರನ್ನು ನೆನೆದರೆ ಕೈ ತಾನಾಗಿಯೇ ಮುಗಿಯುತ್ತದೆ.

ಆಸ್ಪತ್ರೆಯ ಹಿಂದಿನ ಹೊಲಗಳನ್ನು ದಾಟಿದರೆ ಮದರಾಸು ಪ್ರಾಂತ್ಯ. ಮೈಸೂರಿನ ಪರವಾನಗಿ ಅಲ್ಲಿ ನಡೆಯದು. ಆಚೆ ಹೋಗಿ ಹೆರಿಗೆ ಮಾಡಿಸಿದರೆ ಇಲ್ಲಿನದೂ ಹೋದೀತೆಂದು ವೈದ್ಯಾಧಿಕಾರಿ ಹನುಮಂತರಾಯಪ್ಪನವರು ಎಚ್ಚರಿಸಿದ್ದರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮುನಿತಾಯಮ್ಮನವರಿಗೆ ಆ ಕೆಲಸವೊಂದೇ ಆಸರೆ.

೧೯೪೨ರ ಬೇಸಿಗೆಯಲ್ಲಿ ಆಚೆಯ ಹಳ್ಳಿಯ ರೈತ ಚಿಕ್ಕಬೀರಪ್ಪ ಓಡೋಡಿ ಬಂದರು. ಸೊಸೆ ಭಾಗ್ಯಮ್ಮನ ಹೊಟ್ಟೆಯಲ್ಲಿ ಮಗು ಅಡ್ಡ ನಿಂತಿತ್ತು. ಮಂಚದ ಸಮೇತ ಈಚೆಗೆ ಹೊತ್ತು ತನ್ನಿರೆಂದು ಹೇಳಿ ಮುನಿತಾಯಮ್ಮನವರು ಗಡಿಕಲ್ಲಿನ ಬಳಿ ಕಾದು ನಿಂತರು. ಹೊತ್ತವರು ಕಣ್ಣಿಗೆ ಬಿದ್ದರು, ಆದರೆ ನೋವು ತಡೆಯಲಾರದಷ್ಟಾಗಿ ಕಲ್ಲಿನ ಆಚೆಗೇ, ನಡುಹೊಲದಲ್ಲಿ ಮಂಚ ಇಳಿಸಿಬಿಟ್ಟರು. ಭಾಗ್ಯಮ್ಮನ ನರಳಾಟ ಕಿವಿಗೆ ಬಿದ್ದದ್ದೇ ಮುನಿತಾಯಮ್ಮನವರು ಕಲ್ಲು ದಾಟಿ ಓಡಿದರು. ಮಂಚದ ಜೊತೆ ಬಂದಿದ್ದ ಹೆಂಗಸರು ಸೀರೆಗಳನ್ನು ಮರೆಯಾಗಿ ಹಿಡಿದರು. ಉತ್ತ ಮಣ್ಣಿನ ಮೇಲೆ ಮಂಡಿಯೂರಿ, ಮಗುವನ್ನು ಒಳಗೇ ತಿರುಗಿಸಿ ಕಾಲು ಹಿಡಿದು ಈಚೆಗೆ ತಂದು, ತಾಯಿ ಮಗು ಇಬ್ಬರನ್ನೂ ಉಳಿಸಿಕೊಟ್ಟರು.

ಕೈ ತೊಳೆದವರೇ ನೇರ ಅಧಿಕಾರಿಗಳೆದುರು ಹೋಗಿ ನಿಂತರು.

"ಗಡಿ ಆಚೇನೇ ಹೆರಿಗೆ ಮಾಡ್ಸಿದೀನಿ ಸಾರ್. ಬೇರೆಯೋರು ಹೇಳೋಕ್ಮುಂಚೆ ನಾನೇ ಹೇಳಾನ ಅಂತ ಬಂದೆ."

"ಕೆಲ್ಸ ಹೋದ್ರೆ ಏನಮ್ಮ ಮಾಡ್ತೀರಿ?" ಎಂದರು ಹನುಮಂತರಾಯಪ್ಪನವರು.

"ಮದರಾಸಿನೋರ ಪರವಾನಗಿ ಪರೀಕ್ಷೆ ನಾನೂ ಬರೀತೀನಿ. ಕದ್ದು ಮಾತ್ರ ಹೋಗಲ್ಲ."

ವಿಚಾರಣೆ ನಡೆಯಿತು. ಮೇಲಿನವರು ಎಚ್ಚರಿಕೆ ಕೊಟ್ಟು ಬಿಟ್ಟರು. ಮುನಿತಾಯಮ್ಮನವರು ಮಾತ್ರ ಹಿಡಿದದ್ದನ್ನು ಬಿಡಲಿಲ್ಲ. ಆ ಪರೀಕ್ಷೆಗಾಗಿ ಐವತ್ತು ದಾಟಿದ ಮೇಲೆ ತಮಿಳು ಅಕ್ಷರ ಕಲಿಯಲು ಕುಳಿತರು. ಪರವಾನಗಿ ಕೈಗೆ ಬರುವವರೆಗೆ ಆಚೆಯ ಬಸುರಿಯರ ಗತಿಯೇನು? ಆಸ್ಪತ್ರೆಗಿಂತ ಹತ್ತಿರ, ಗಡಿಕಲ್ಲಿನ ಪಕ್ಕದಲ್ಲೇ ಈಚೆಗೆ ರೇಷ್ಮೆಹುಳು ಸಾಕುತ್ತಿದ್ದ ಆದಿನಾರಾಯಣಪ್ಪನವರನ್ನು ಒಪ್ಪಿಸಿ, ಅವರ ಹುಳುಮನೆಯನ್ನು ತೊಳೆಸಿ ಸುಣ್ಣ ಬಳಿಸಿ ಹೆರಿಗೆಮನೆ ಮಾಡಿಕೊಂಡರು. ಮದರಾಸಿನಲ್ಲಿ ಮಗಳ ವಯಸ್ಸಿನ ಹುಡುಗಿಯರ ಸಾಲಿನಲ್ಲಿ ಕುಳಿತು ಪರೀಕ್ಷೆ ಬರೆದು ಒಮ್ಮೆ ನಪಾಸಾದರು. ಮರುವರ್ಷ ಹೋಗಿ ಗೆದ್ದು ಬಂದರು. ಆಚೆ ಹೋಗಿಬರುವ ಅನುಮತಿಯನ್ನು ಹನುಮಂತರಾಯಪ್ಪನವರೇ ಮುಂದೆ ನಿಂತು ಕೊಡಿಸಿದರು. ಪರವಾನಗಿ ಹಿಡಿದು ಮುನಿತಾಯಮ್ಮನವರು ಗಡಿ ದಾಟಿದ ಮೊದಲ ದಿನ, ಆಚೆಯ ಹೆಂಗಸರು ದಾರಿಯುದ್ದಕ್ಕೂ ನೀರು ಚಿಮುಕಿಸಿ ಕಾದಿದ್ದರಂತೆ.

ಆ ತಾಯಿಗೆ ಭಗವಂತನು ಗಟ್ಟಿ ಆರೋಗ್ಯವನ್ನೂ ತುಂಬು ಆಯುಷ್ಯವನ್ನೂ ಕರುಣಿಸಲಿ. ನಿವೃತ್ತಿಯೇನಿದ್ದರೂ ಸಂಬಳದ ಕೆಲಸಕ್ಕೆ; ಎರಡೂ ಸೀಮೆಗಳ ಪರವಾನಗಿಗಳು ಇನ್ನೂ ಚಾಲ್ತಿಯಲ್ಲಿವೆ.