ಮೂವತ್ತೊಂದನೆಯ ಸುತ್ತಿನ ಸಾಕ್ಷಿ

ಕಾಗದದಲ್ಲಿದ್ದದ್ದು ಮೂರೇ ಸಾಲು. ಸಾವಿರದ ಒಂಬೈನೂರ ತೊಂಬತ್ತೊಂದನೆಯ ಇಸವಿಯಲ್ಲಿ, ಹೊಸಪೇಟೆಯ ಉಜ್ಜಿನಪ್ಪನವರ ವಿಡಿಯೋ ಗೇಮ್ ಅಂಗಡಿಯಲ್ಲಿ, ಕಂಪ್ಲಿಯ ಶ್ರೀ ಮುರುಗೇಶ್ ಅವರು ಹಕ್ಕಿಯಾಟದ ಮೂವತ್ತೊಂದನೆಯ ಸುತ್ತನ್ನು ತಲುಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬುದು ಅದರ ಒಕ್ಕಣೆ. ಕೆಳಗೆ ಎರ್ರಿಯಪ್ಪನ ಹೆಸರು. ಹೆಸರಿನ ಮೇಲೆ ಸಹಿಗೆಂದು ಬಿಟ್ಟ ಖಾಲಿ ಜಾಗ.

ಅದನ್ನು ತಂದವರು ಊರಿನ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವ ತ್ರಿವೇಣಿ. ಅಂಗಡಿಯ ಯಂತ್ರದಲ್ಲಿ ಹುಟ್ಟಿದ ಆಟವೊಂದು ಮನೆಯ ಟಿವಿಯೊಳಗೆ ಹೇಗೆ ಹೊಕ್ಕಿತು, ಹೊಕ್ಕ ಮೇಲೆ ಏನೇನಾಯಿತು ಎಂಬುದನ್ನು ಹಕ್ಕಿಯಾಟವೊಂದನ್ನೇ ಹಿಡಿದು ತೋರಿಸುವ ಪ್ರದರ್ಶನವನ್ನು ಅವರ ವಿಭಾಗ ಏರ್ಪಡಿಸಿತ್ತು. ಬಾಗಿಲಲ್ಲೇ ಒಂದು ಫಲಕ. ಅದರ ಮೇಲೆ ಈ ಸೀಮೆಯ ದಾಖಲೆ.

“ದಾಖಲೆ ಅಂದಮ್ಯಾಲೆ ಒಬ್ರು ಸಾಕ್ಷಿ ಬೇಕಲ್ರಿ. ಅವತ್ತು ಅಲ್ಲಿದ್ದೋರೊಳಗ ಈಗ ಸಿಗೋರು ನೀವೊಬ್ರೇ ಅಂತ ಮುರುಗೇಶಣ್ಣಾರು ಹೇಳಿದ್ರು,” ಎಂದರು ತ್ರಿವೇಣಿ.

“ಇಟ್ಟು ಹೋಗ್ರಿ ಮೇಡಂ. ಓದಿ ಎರಡು ದಿನದಾಗ ಸಹಿ ಮಾಡ್ತೀನಿ.”

“ಮೂರು ಸಾಲು ಓದಾಕ ಎರಡು ದಿನ ಬೇಕೇನ್ರಿ?” ಎಂದು ನಕ್ಕು ಅವರು ಹೊರಟುಹೋದರು.

ಎರ್ರಿಯಪ್ಪನಿಗೆ ಐವತ್ತಮೂರು ವರ್ಷ. ಟಿವಿ ರಿಪೇರಿ ಅವನ ಕಸುಬು. ದಿನವೂ ಮಿಂದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿರಿಸಿ ಪೂಜಿಸಿ, ಆಮೇಲೆ ಅಂಗಡಿಯ ಬೀಗ ತೆಗೆಯುವವನು. ಸುಮ್ಮನಿರುವುದು ಸುಳ್ಳಾಡಿದಂತಲ್ಲವೆಂದು ಮೂವತ್ತನಾಲ್ಕು ವರ್ಷ ತನ್ನ ಮನಸ್ಸನ್ನು ಒಪ್ಪಿಸಿಕೊಂಡು ಬಂದಿದ್ದ. ಸಹಿಯೆಂದರೆ ಸುಮ್ಮನಿರುವುದಲ್ಲ. ಹಾಕಿದರೆ ಪೂಜೆಯ ಕೈ ಸುಳ್ಳಿಗೆ ಒಡಂಬಟ್ಟಂತೆ. ಹಾಕದಿದ್ದರೆ ಅತ್ಯಂತ ಹಳೆಯ ಗೆಳೆಯನೊಬ್ಬನ ತಲೆಯೆತ್ತಿದ ಬಾಳಿಗೆ ಕೊಡಲಿಯೇಟು.

ಸಂಗತಿ ಹೀಗಿತ್ತು.

ಬುಕ್ಕಸಾಗರದಿಂದ ಬಂದು ಐಟಿಐ ಮುಗಿಸಿದ ಎರ್ರಿಯಪ್ಪ ತೊಂಬತ್ತರಲ್ಲಿ ಉಜ್ಜಿನಪ್ಪನವರ ಅಂಗಡಿಯನ್ನು ಸೇರಿದ. ಟಾಕೀಸಿನ ಪಕ್ಕದ ಆ ಅಂಗಡಿಯಲ್ಲಿ ಆಳೆತ್ತರದ ಮೂರು ಯಂತ್ರಗಳಿದ್ದವು. ಜನ ಮುತ್ತಿಕೊಳ್ಳುತ್ತಿದ್ದುದು ಒಂದಕ್ಕೇ. ಅದರ ಮಗ್ಗುಲಿನಲ್ಲಿ ಬರೆದಿದ್ದ ಇಂಗ್ಲಿಷ್ ಹೆಸರನ್ನು ಓದುವ ಗೋಜಿಗೆ ಹೋಗದೆ ಊರು ಅದನ್ನು ಹಕ್ಕಿಯಾಟವೆಂದು ಕರೆಯಿತು. ಬಾಗಿಲಿನಂತೆ ಉದ್ದುದ್ದನೆಯ ಪರದೆ. ಮೇಲಿನಿಂದ ಸಾಲುಸಾಲಾಗಿ ಇಳಿದುಬರುವ ಹಕ್ಕಿಗಳು. ಅಡಿಯಲ್ಲಿ ಅತ್ತಿತ್ತ ಸರಿಯುತ್ತ ಗುಂಡು ಹಾರಿಸುವ ಪುಟ್ಟ ದೋಣಿ, ಒಂದು ನಾಣ್ಯಕ್ಕೆ ಮೂರರಂತೆ. ಒಂದು ಹಿಂಡು ಮುಗಿದರೆ ಒಂದು ಸುತ್ತು. ಆಡುವವರ ಬಾಯಲ್ಲಿ ಸ್ಟೇಜು. ಹದಿನೈದನೆಯ ಸ್ಟೇಜು ಕಂಡವರು ಊರಿನಲ್ಲಿ ಇಬ್ಬರೋ ಮೂವರೋ.

ಉಜ್ಜಿನಪ್ಪನವರು ಶಿವಭಕ್ತರು. ಅಮಾವಾಸ್ಯೆ ಬಂತೆಂದರೆ ಯಂತ್ರಗಳಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಹೊಸ್ತಿಲಲ್ಲಿ ಕಾಯಿ ಒಡೆಸುವರು. ಅದರ ಬೆನ್ನಿಗೆ ಅವರದೇ ಆದ ಇನ್ನೊಂದು ಆಚಾರವಿತ್ತು. ಯಂತ್ರದ ಹಿಂಬಾಗಿಲು ತೆರೆದರೆ ಒಳಗಿನ ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ಎಂಟು ಸ್ವಿಚ್ಚುಗಳ ಸಾಲು. ಎರಡನೆಯದನ್ನು ಮೇಲಕ್ಕೆತ್ತಿದರೆ ಹಕ್ಕಿಗಳು ನಿಧಾನವಾಗಿ ಇಳಿಯುತ್ತವೆ. ಆಡುವವನಿಗೆ ಅದು ತಿಳಿಯುವುದಿಲ್ಲ, ತನ್ನ ಕೈ ಇವತ್ತು ಕುದುರಿದೆ ಎಂದಷ್ಟೇ ಅನ್ನಿಸುತ್ತದೆ. “ಅಮಾಸಿ ದಿನ ನಮ್ಮ ಹೊಸ್ತಿಲು ತುಳಿದೋರು ಸೋತು ಮಾರಿ ಸಣ್ಣ ಮಾಡ್ಕೊಂಡು ಹೋಗಬಾರದು, ತಮ್ಮಾ. ಸ್ವಿಚ್ಚು ಎತ್ತಿಬಿಡು. ನಾಳಿ ಬಾಗಿಲು ತೆಗಿಯೂದ್ರಾಗ ಇಳಿಸು,” ಎಂಬುದು ಅವರ ಅಪ್ಪಣೆ. ಈ ಗುಟ್ಟು ಧಣಿಗೂ ಎರ್ರಿಯಪ್ಪನಿಗೂ ಹೊರತು ಮೂರನೆಯವರಿಗೆ ತಿಳಿದಿರಲಿಲ್ಲ.

ತೊಂಬತ್ತೊಂದರ ಒಂದು ಅಮಾವಾಸ್ಯೆಯ ಮರುದಿನ ಎರ್ರಿಯಪ್ಪ ಸ್ವಿಚ್ಚು ಇಳಿಸುವುದನ್ನು ಮರೆತ. ಬಾಗಿಲು ತೆಗೆಯುತ್ತಲೇ ಒಳಹೊಕ್ಕವನು ಮುರುಗೇಶ. ಕಂಪ್ಲಿಯ ಅಕ್ಕಿ ಗಿರಣಿಯ ಮನೆತನದ ಮಗ. ಪಿಯುಸಿಗೆಂದು ಹೊಸಪೇಟೆಗೆ ಬಂದು, ಕಾಲೇಜಿಗಿಂತ ಹೆಚ್ಚು ಹೊತ್ತನ್ನು ಹಕ್ಕಿಗಳ ಎದುರು ಕಳೆಯುತ್ತಿದ್ದವನು. ಆ ದಿನ ಅವನ ದೋಣಿ ಸೋಲಲೇ ಇಲ್ಲ. ಇಪ್ಪತ್ತು ದಾಟಿತು, ಇಪ್ಪತ್ತೈದು ದಾಟಿತು. ಟಾಕೀಸಿನ ಟಿಕೆಟ್ ಸರದಿ ಕರಗಿ ಅಂಗಡಿಯೊಳಗೆ ಬಂದು ನಿಂತಿತು. ಮೂವತ್ತೊಂದರಲ್ಲಿ ಕೊನೆಯ ದೋಣಿ ಮುಳುಗಿದಾಗ ಜನ ಅವನನ್ನು ಎತ್ತಿ ಹೆಗಲಮೇಲೆ ಕೂರಿಸಿಕೊಂಡರು. ಉಜ್ಜಿನಪ್ಪನವರು ಪೇಡೆ ಹಂಚಿ, ಗೋಡೆಯ ಮೇಲೆ ಸುಣ್ಣದಲ್ಲಿ ಅಂಕೆ ಬರೆಸಿದರು.

ಮಧ್ಯಾಹ್ನ ನಾಣ್ಯದ ಡಬ್ಬಿ ತೆಗೆಯಲೆಂದು ಹಿಂಬಾಗಿಲು ತೆರೆದ ಎರ್ರಿಯಪ್ಪನಿಗೆ ಎರಡನೆಯ ಸ್ವಿಚ್ಚು ಮೇಲಿದ್ದುದು ಕಂಡಿತು. ಅತ್ತಿತ್ತ ನೋಡಿ ಇಳಿಸಿದ. ಮೊದಲ ದಿನ ಬಾಯಿ ಕಟ್ಟಿದ್ದು ಕೆಲಸ ಹೋದೀತೆಂಬ ಅಂಜಿಕೆ. ವಾರ ಕಳೆದ ಮೇಲೆ ಮುರುಗೇಶನೇ ಬಂದು, “ಲೇ ಎರ್ರ್ಯಾ, ಅವತ್ತು ನೀ ಬಾಗಿಲು ತೆಗದಿ, ನನ್ನ ನಸೀಬೂ ತೆಗೀತು, ನಡಿ,” ಎಂದು ಕೈಹಿಡಿದು ಖಾನಾವಳಿಗೆ ಕರೆದೊಯ್ದ. ಹಾಗೆ ಹುಟ್ಟಿದ ಗೆಳೆತನವೇ ಆಮೇಲೆ ಬಾಯಿಗೆ ಬೀಗವಾಯಿತು.

ಮೂವತ್ತೊಂದರ ಹೆಸರು ಕೆಡದಿರಲೆಂದು ಮುರುಗೇಶ ಅಂಗಡಿಯ ಯಂತ್ರವನ್ನು ಮತ್ತೆ ಮುಟ್ಟಲಿಲ್ಲ. ಮೂರು ವರ್ಷದಲ್ಲಿ ಅಂಗಡಿ ಮುಚ್ಚಿತು. ಆಟ ಮನೆಗೆ ಬಂದಿತ್ತು. ಟಿವಿಗೆ ಸಿಕ್ಕಿಸುವ ಬಿಳಿಯ ಪೆಟ್ಟಿಗೆ, ಅದರ ನೆತ್ತಿಗೆ ಚುಚ್ಚುವ ಕ್ಯಾಸೆಟ್ಟು. ಎರ್ರಿಯಪ್ಪ ಸ್ವಂತ ರಿಪೇರಿ ಅಂಗಡಿ ತೆರೆದು, ಬಳ್ಳಾರಿಯಿಂದ ತರಿಸಿದ ಮೊದಲ ಪೆಟ್ಟಿಗೆಯನ್ನು ಕಂಪ್ಲಿಗೆ ಒಯ್ದುಕೊಟ್ಟ. ಅಷ್ಟರಲ್ಲಿ ಗಿರಣಿಯ ಹೊಣೆ ಹೊತ್ತಿದ್ದ ಮುರುಗೇಶ, ಅಕ್ಕಿ ಮೂಟೆಗಳ ನಡುವೆ ಟಿವಿ ಇಟ್ಟುಕೊಂಡು ಆಡಿ, ಹನ್ನೊಂದರಲ್ಲಿ ಸೋತ.

“ಇದರಾಗ ಹಕ್ಕಿ ಜೋರು ಬರ್ತಾವಲೇ!”

“ಸಾವ್ಕಾರ, ಅಂಗಡಿ ಪರದಿ ಉದ್ದ ಇತ್ತು, ಟಿವಿ ಅಡ್ಡ ಐತಿ. ಮ್ಯಾಲಿಂದ ಕೆಳಗ ದೂರ ಕಮ್ಮಿ. ಅದಕ್ಕ ಜಲ್ದಿ ಮುಟ್ತಾವು.”

ಅದು ಸುಳ್ಳಲ್ಲ. ತೊಂಬತ್ತೆಂಟರಲ್ಲಿ ಕರಿಯ ಪೆಟ್ಟಿಗೆ ಬಂತು. ಅದರೊಂದಿಗೆ ಹಕ್ಕಿಯಾಟದ ಎರಡನೆಯ ಭಾಗ. ಬಣ್ಣ ಹೆಚ್ಚಿತು, ಹಿನ್ನೆಲೆಯಲ್ಲಿ ಮೋಡ ಸರಿದವು, ಹಕ್ಕಿಗಳು ರೆಕ್ಕೆ ಬಡಿದವು. ಮುರುಗೇಶ ಹದಿನಾಲ್ಕಕ್ಕೆ ನಿಂತ. ಇದು ಬೇರೆ ಆಟ, ಇಲ್ಲಿಯ ಹಕ್ಕಿಗಳು ಓರೆಯಾಗಿ ಇಳಿಯುತ್ತವೆ ಎಂದು ಎರ್ರಿಯಪ್ಪ ವಿವರಿಸಿದ. ಅದೂ ನಿಜವೇ. ಎರಡು ಸಾವಿರದ ಎರಡರಲ್ಲಿ ಸೀಡಿ ಹಾಕುವ ಯಂತ್ರ ಬಂತು. ಹಳೆಯ ಅಂಗಡಿಯಾಟವನ್ನು ಇದ್ದುದಿದ್ದಂತೆ ಕೊಡುತ್ತೇವೆಂದು ಮಾಡಿದವರೇ ಸೀಡಿಯ ಮೇಲೆ ಹೇಳಿಕೊಂಡಿದ್ದರು. ಪರದೆಯನ್ನು ಉದ್ದಕ್ಕೆ ತಿರುಗಿಸಿ ಆಡುವ ಅನುಕೂಲವೂ ಅದರಲ್ಲಿತ್ತು. ಮುರುಗೇಶ ಹಮಾಲರನ್ನು ಕರೆದು ಇಪ್ಪತ್ತೊಂಬತ್ತು ಇಂಚಿನ ಟಿವಿಯನ್ನು ಮೂಟೆಗಳ ಮೇಲೆ ಮಗ್ಗುಲಾಗಿ ಮಲಗಿಸಿದ. ಪರದೆಯ ಮೂಲೆಗಳಲ್ಲಿ ಹಸಿರು, ನೇರಳೆ ಮಚ್ಚೆಗಳೆದ್ದವು. ಹಮಾಲರು ತಲೆ ವಾಲಿಸಿ ನೋಡಿ ನಕ್ಕರು. ಆ ದಿನ ಎರ್ರಿಯಪ್ಪನ ಕಣ್ಣೆದುರಿಗೇ ಅವನು ಹತ್ತೊಂಬತ್ತನ್ನು ಮುಟ್ಟಿ ಸೋತ. ಈಗ ಹೇಳಲು ಪರದೆಯ ನೆವವಿರಲಿಲ್ಲ.

“ಖರೇ ಹೇಳು. ಹಕ್ಕಿ ಜೋರು ಅದಾವೋ ಇಲ್ಲೋ?”

“ನಿಮ್ಮ ಕಣ್ಣು ಒಮ್ಮಿ ತೋರಿಸ್ರಿ ಸಾವ್ಕಾರ,” ಎಂದುಬಿಟ್ಟ ಎರ್ರಿಯಪ್ಪ.

ಮುರುಗೇಶ ಬಳ್ಳಾರಿಗೆ ಹೋಗಿ ತೋರಿಸಿಕೊಂಡು ಬಂದ. ಕಣ್ಣಿಗೆ ಏನೂ ಆಗಿರಲಿಲ್ಲ. ಹಾಗಾದರೆ ಕೈಯೇ ಕೆಟ್ಟಿತೆಂದು ತೀರ್ಮಾನಿಸಿದ. ಅನಂತರ ಬಂದ ಎರಡು ಯಂತ್ರಗಳನ್ನೂ ಕೊಂಡ. ಸೀಡಿ ಹೋಗಿ ಇಂಟರ್‌ನೆಟ್ಟಿನಿಂದ ಆಟ ಇಳಿಸಿಕೊಳ್ಳುವ ಕಾಲ ಬಂದಾಗ ಅದನ್ನೂ ಕಲಿತ. ಹತ್ತೊಂಬತ್ತನ್ನು ದಾಟಲಿಲ್ಲ. ಯಾರಾದರೂ ಕೇಳಿದರೆ, “ವಯಸ್ಸಾಗ ಮೂವತ್ತೊಂದು ಮಾಡಿದ್ದೆ. ಎರ್ರ್ಯಾನ್ನ ಕೇಳ್ರಿ,” ಎನ್ನುತ್ತಿದ್ದ. ಎರ್ರಿಯಪ್ಪ ತಲೆಯಾಡಿಸುತ್ತಿದ್ದ. ಮೂವತ್ತೊಂದು ಆಗಿದ್ದಂತೂ ಹೌದಷ್ಟೆ.

ಪ್ರದರ್ಶನದ ಮುಂಜಾನೆ ಎರ್ರಿಯಪ್ಪ ಸಹಿಯಿಲ್ಲದ ಕಾಗದವನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದ. ಸಭಾಂಗಣದಲ್ಲಿ ಮೇಜುಗಳ ಮೇಲೆ ಮುರುಗೇಶನ ಯಂತ್ರಗಳನ್ನು ವರ್ಷಾನುಕ್ರಮವಾಗಿ ಜೋಡಿಸಿದ್ದರು. ಕೊನೆಯ ಮೇಜಿನಲ್ಲಿ ಈಚೆಗೆ ಬಂದ ಹೊಸ ಯಂತ್ರ. ಸರಣಿಯ ಎಲ್ಲ ಭಾಗಗಳೂ ಅದೊಂದರಲ್ಲೇ. ಇಸ್ತ್ರಿ ಮಾಡಿದ ಬಿಳಿಯಂಗಿಯ ಮುರುಗೇಶ ಹುಡುಗಿಯರ ಗುಂಪೊಂದಕ್ಕೆ ದೂಳು ಹೋಗುವಂತೆ ಕ್ಯಾಸೆಟ್ಟಿನ ಬಾಯಿ ಊದುವ ವಿದ್ಯೆಯನ್ನು ತೋರಿಸುತ್ತಿದ್ದ.

“ಬಂದ್ಯಾ? ಎಲ್ಲಿ ಕಾಗದ? ಮೇಡಂ ಬೋರ್ಡಿಗೆ ಅಂಕಿ ಅಂಟಿಸಾಕ ನಿಂತಾರ.”

“ಒಂದು ಮಾತೈತಿ. ಹೊರಗ ಬರ್ರಿ.”

“ಇಲ್ಲೇ ಹೇಳಲೇ. ಹೆಣ್ಣು ನೋಡಾಕ ಬಂದಂಗ ಮಾಡ್ತೀಯಲ್ಲ!”

ಹುಡುಗಿಯರು ನಕ್ಕರು. ಎರ್ರಿಯಪ್ಪ ನಗಲಿಲ್ಲ. ಅದನ್ನು ಕಂಡು ಮುರುಗೇಶ ತಾನಾಗಿಯೇ ಪಡಸಾಲೆಗೆ ನಡೆದ. ಅಲ್ಲಿ ಎರ್ರಿಯಪ್ಪ ಅಮಾವಾಸ್ಯೆಯ ಆಚಾರವನ್ನು ಹೇಳಿದ. ಎರಡನೆಯ ಸ್ವಿಚ್ಚನ್ನು ಹೇಳಿದ. ಮರೆತದ್ದನ್ನೂ ಮಧ್ಯಾಹ್ನ ಇಳಿಸಿದ್ದನ್ನೂ ಹೇಳಿದ. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ.

ಮುರುಗೇಶ ಕಂಬಕ್ಕೆ ಕೈಕೊಟ್ಟು ನಿಂತಿದ್ದ. ಅವನು ಕೇಳಿದ್ದು ಮೂವತ್ತೊಂದರ ಮಾತನ್ನಲ್ಲ.

“ಅಂದ್ರ, ಮನ್ಯಾಗ ಹಕ್ಕಿ ಜೋರು ಬರ್ತಿದ್ದುದು ಖರೇನ?”

“ಖರೇ. ಅವು ಬರಬೇಕಾದ ಜೋರು ಅದೇ. ಅವತ್ತು ನಿಧಾನ ಬಂದಿದ್ವು.”

“ನಂಗ ಗೊತ್ತಾಗಿತ್ತು. ಮೊದಲನೇ ದಿನಾನ ಗೊತ್ತಾಗಿತ್ತು.” ಅವನು ತನ್ನ ಬಲಗೈಯನ್ನು ಮೇಲೆತ್ತಿ ನೋಡಿಕೊಂಡ. “ಕಣ್ಣು ತೋರಿಸು ಅಂದಿ. ಕೈ ಹೋತು ಅಂದ್ಕೊಂಡು ಇಪ್ಪತ್ತು ವರ್ಷ ಕುಂತೆ. ಕೆಟ್ಟಿದ್ದು ಕೈ ಅಲ್ಲ ಅಂತ ಹೇಳಾಕ ನಿಂಗ ಒಂದಿನಾನೂ ಬಾಯಿ ಬರಲಿಲ್ಲೇನು?”

ತಾನು ಕಾಯುತ್ತಿರುವುದು ಗೆಳೆಯನ ಹೆಮ್ಮೆಯನ್ನೆಂದೇ ಎರ್ರಿಯಪ್ಪ ಇಷ್ಟು ಕಾಲ ನಂಬಿದ್ದ. ಕಸಿದುಕೊಂಡದ್ದು ಏನೆಂಬುದು ಆ ಪಡಸಾಲೆಯಲ್ಲಿ ಮೊದಲ ಸಲ ಅವನಿಗೆ ತಿಳಿಯಿತು.

ಮುರುಗೇಶ ಒಳಗೆ ಹೋಗಿ ತ್ರಿವೇಣಿಯವರಿಗೆ ಮೂವತ್ತೊಂದು ಬೇಡವೆಂದ. “ಹತ್ತೊಂಬತ್ತು ಅಂತ ಬರೀರಿ. ಎರಡು ಸಾವಿರದ ಎರಡು, ಕಂಪ್ಲಿ. ಟಿವಿ ಮಗ್ಗಲಾಗಿ ಮಲಗಿಸಿ ಆಡಿದ್ದು, ಅದನ್ನೂ ಬರೀರಿ.” ಅನಂತರ ಹೊಸ ಕಾಗದವನ್ನು ಎರ್ರಿಯಪ್ಪನ ಮುಂದೆ ಸರಿಸಿದ. “ಇದನ್ನ ನೋಡೀರಿ ಹೌದಿಲ್ಲೋ? ಹಾಕ್ರಿ ಸಹಿ.”

ಅವರಿಬ್ಬರ ನಡುವೆ ಈ ಬಹುವಚನ ಎಂದೂ ಮುರುಗೇಶನ ಕಡೆಯಿಂದ ಬಂದಿದ್ದಿಲ್ಲ. ಎರ್ರಿಯಪ್ಪ ಸಹಿ ಹಾಕಿದ. ಮಧ್ಯಾಹ್ನ ಮುರುಗೇಶ ಉಪನ್ಯಾಸಕರ ಜೊತೆ ಊಟಕ್ಕೆ ಹೋದ. ಎರ್ರಿಯಪ್ಪ ಕ್ಯಾಂಟೀನಿನಲ್ಲಿ ಒಬ್ಬನೇ ಒಂದು ಪ್ಲೇಟು ಚಿತ್ರಾನ್ನ ತಿಂದು ಅಂಗಡಿಗೆ ಮರಳಿದ. ಸಂಜೆಯೊಳಗೆ ಎರಡನೆಯ ವರ್ಷದ ಹುಡುಗಿಯೊಬ್ಬಳು ಇಪ್ಪತ್ತೆರಡು ಮುಟ್ಟಿದಳೆಂದೂ ಫಲಕದಲ್ಲಿ ಅವಳ ಹೆಸರು ಬಂತೆಂದೂ ತ್ರಿವೇಣಿ ಫೋನಿನಲ್ಲಿ ತಿಳಿಸಿದರು.

ಒಂದೂವರೆ ತಿಂಗಳು ಕಂಪ್ಲಿಯಿಂದ ಸದ್ದಿರಲಿಲ್ಲ. ಎರ್ರಿಯಪ್ಪ ತಾನಾಗಿ ಫೋನು ಮಾಡಲಿಲ್ಲ. ಮಾಡುವ ಹಕ್ಕು ತನಗೆ ಉಳಿದಿಲ್ಲವೆಂದು ತಿಳಿದಿದ್ದ. ಒಂದು ಗುರುವಾರ ಹನ್ನೊಂದರ ಸುಮಾರಿಗೆ ಫೋನು ಬಂತು.

“ಇಪ್ಪತ್ತಮೂರು ಮಾಡೀನಿ. ಹೊಸ ಯಂತ್ರದಾಗ, ಹಕ್ಕಿ ಬರಬೇಕಾದ ಜೋರಿಗೇ ಇಟ್ಟು. ಹಮಾಲರು ನೋಡ್ಯಾರ, ಅವ್ರು ನಾ ಏನು ಹೇಳಿದ್ರೂ ಹ್ಞೂಂ ಅಂತಾರ. ಮೇಡಮ್ಮಿಗೆ ಸಾಕ್ಷಿ ಬೇಕಂತ.” ಗಿರಣಿಯ ಸದ್ದಿನ ಮೇಲೆ ಮುರುಗೇಶ ದನಿಯೇರಿಸಿದ. “ನೀವಾದ್ರ ಆಗದಿದ್ರ ಆಗಿಲ್ಲ ಅಂತೀರಿ. ಅದಕ್ಕ ಕರ್ಯಾಕತ್ತೀನಿ, ಮತ್ತ್ಯಾತಕ್ಕೂ ಅಲ್ಲ.”

ಎರ್ರಿಯಪ್ಪ ಬಿಚ್ಚಿಟ್ಟ ಟಿವಿಯನ್ನು ಹಾಗೇ ಬಿಟ್ಟು, ಬೀಗ ಹಾಕಿ, ಕಂಪ್ಲಿಯ ಬಸ್ಸು ಹತ್ತಿದ. ಗಿರಣಿಯಲ್ಲಿ ಮುರುಗೇಶ “ಕುಂದ್ರಿ” ಎಂದು ಮೂಟೆಯನ್ನು ತೋರಿಸಿದ. ಮೊದಲು ಹಕ್ಕಿಗಳ ವೇಗ ತೋರಿಸುವ ಸೆಟ್ಟಿಂಗಿನ ಪಟ್ಟಿಯನ್ನು ತೆರೆದು ಪರದೆಯನ್ನು ಅವನ ಕಡೆ ತಿರುಗಿಸಿದ. ಎರ್ರಿಯಪ್ಪ ಬಾಗಿ, ಒಂದೊಂದು ಸಾಲನ್ನೂ ಓದಿ, ಸರಿಯಿದೆ ಎಂದ. ಹಕ್ಕಿಗಳು ಇಳಿಯತೊಡಗಿದವು. ಹದಿನೆಂಟರಲ್ಲಿ ಕೊನೆಯ ದೋಣಿ ಮುಳುಗಿತು. ಮುರುಗೇಶ ತಿರುಗಿ ಎರ್ರಿಯಪ್ಪನ ಮುಖ ನೋಡಿದ.

“ಹದಿನೆಂಟು,” ಎಂದ ಎರ್ರಿಯಪ್ಪ.

“ಹೌದು, ಹದಿನೆಂಟು,” ಎಂದ ಮುರುಗೇಶ. ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಮತ್ತೆ ಮೊದಲಿನಿಂದ ಆಡತೊಡಗಿದ.