ಪೈಲಟರಿಗೆ ಲಾರಿ ಪರೀಕ್ಷೆ

ನಮ್ಮ ಧಣಿಗಳ ಹತ್ತಿರ ವಿಮಾನವಿತ್ತು, ಹಾರಿಸುವವರಿರಲಿಲ್ಲ. ಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕ ಹಳೆಯ ಡಕೋಟ ಅದು. ಬಜ್ಪೆಯಿಂದ ಮುಂಬಯಿಗೆ ವೀಳ್ಯದೆಲೆ ಸಾಗಿಸುತ್ತಿತ್ತು. ಇದ್ದೊಬ್ಬ ಪೈಲಟನನ್ನು ದೊಡ್ಡ ಕಂಪೆನಿಯವರು ಎಳೆದುಕೊಂಡರು. ಆಮೇಲೆ ಬಂದವರಲ್ಲಿ ಒಬ್ಬ ಸಂಬಳ ಕೇಳಿ ಹೋದ, ಇನ್ನೊಬ್ಬ ವಿಮಾನವನ್ನು ನೋಡಿಯೇ ಹೋದ. ಈ ತಿಂಗಳು ಜನ ಸಿಗದಿದ್ದರೆ ವಿಮಾನ ಮಾರುವುದೆಂದು ಧಣಿಗಳು ಹೇಳಿಬಿಟ್ಟಿದ್ದರು. ಮಾರಿದರೆ ಹೊಸಂಗಡಿ ಆಫೀಸಿನ 'ವಿಮಾನ ಗುಮಾಸ್ತ'ನಾದ ನಾನು ಮತ್ತೆ ಬರೀ ಲಾರಿ ಗುಮಾಸ್ತ. ವಿಮಾನದೊಳಗೆ ಒಮ್ಮೆಯೂ ಕೂತವನಲ್ಲ. ಆದರೂ ಉಪ್ಪಳ ಪೇಟೆಯಲ್ಲಿ ಮೋಡ ಎಷ್ಟು ತಣ್ಣಗಿರುತ್ತದೆಂದು ವಿವರಿಸುತ್ತಿದ್ದೆ.

ಅಷ್ಟರಲ್ಲಿ ಒಬ್ಬರು ಬಂದರು. ಮಂಗಳೂರಿನ ಕೊಂಕಣಿ ಮನೆಯವರು, ಯುದ್ಧದಲ್ಲಿ ವಿಮಾನ ಹಾರಿಸಿದವರು. ಕಲ್ಕತ್ತೆಯಿಂದಲೂ ಅವರಿಗೆ ಕರೆ ಬಂದಿತ್ತು. ಸಂಜೆಯ ರೈಲಿಗೆ ಹೊರಡುವವರಿದ್ದರು. ಧಣಿಗಳಿಗೆ ಅಂದೇ ಕೋರ್ಟಿನ ಕೆಲಸ. "ನಮ್ಮ ಕ್ರಮದಲ್ಲೇ ನೋಡು" ಎಂದು ನನಗೆ ವಹಿಸಿ ಹೋದರು.

ನಮ್ಮ ಕ್ರಮವೆಂದರೆ ಒಂದೇ. ಕೆಲಸ ಕೇಳಿ ಬಂದ ಪ್ರತಿ ಡ್ರೈವರನೂ ಗುಡ್ಡದ ಮೇಲಿನ ಬಾಯಾರಿನಿಂದ ತುಂಬಿದ ಲಾರಿಯನ್ನು ಇಳಿಜಾರಿನಲ್ಲಿ ಹೊಸಂಗಡಿಗೆ ತರಬೇಕು. ಡ್ರೈವರನಿಗೆ ಆದದ್ದು ಪೈಲಟನಿಗೆ ಆಗಬಾರದೇಕೆ? ಅವರನ್ನು ಬಾಯಾರಿಗೆ ಕರೆದೊಯ್ದು, ನಾನೇ ನಿಂತು ಲಾರಿ ತುಂಬಿಸಿ, ಸ್ಟಿಯರಿಂಗ್ ಮುಂದೆ ಕೂರಲು ಹೇಳಿದೆ.

"ಇದೆಂತ?" ಎಂದರು.

"ಪರೀಕ್ಷೆ ಸಾರ್."

"ನನಗೆ ಲಾರಿ ಬಿಡ್ಲಿಕ್ಕೆ ಬರುವುದಿಲ್ಲ."

"ಆಕಾಶದಲ್ಲಿ ಬಿಡುವವರಿಗೆ ಇದೆಂತ ಕಷ್ಟ? ಇಲ್ಲಿ ಬಿದ್ದರೆ ದೂರವೂ ಇಲ್ಲ!"

ಅವರು ನಗಲಿಲ್ಲ. ಲಾರಿಗೆ ಒಂದು ಸುತ್ತು ಬಂದರು.

"ತುಂಬಿಸಿದ್ದು ಯಾರು?"

"ನಾನೇ ಸಾರ್" ಎಂದೆ, ಎದೆಯುಬ್ಬಿಸಿ.

"ಅಡಿಕೆ ಮೂಟೆ ಎಲ್ಲ ಒಂದೇ ಬದಿಗೆ ಉಂಟಲ್ಲ?"

"ಇನ್ನೊಂದು ಬದಿ ನನಗೆ ಮಲಗ್ಲಿಕ್ಕೆ."

ಜೊತೆಗೆ ಬಂದಿದ್ದ ನಮ್ಮ ಲಾರಿ ಡ್ರೈವರ್ ಬಿದ್ದುಬಿದ್ದು ನಕ್ಕ. ಪೈಲಟರು ಮಾತ್ರ ಕೋಟು ಬಿಚ್ಚಿ, ತಾವೇ ಹೆಗಲು ಕೊಟ್ಟು ಅರ್ಧ ಮೂಟೆಗಳನ್ನು ಆಚೆ ಬದಿಗೆ ಹಾಕಿಸಿದರು. ನಂತರ ಬಿಳಿ ಅಂಗಿಯಲ್ಲೇ ಲಾರಿಯಡಿ ನುಸುಳಿದರು. ಹೊರಗೆ ಬಂದಾಗ ಅಂಗಿಯ ಬಣ್ಣ ನನ್ನ ಮುಖದ ಬಣ್ಣವಾಗಿತ್ತು. "ಬ್ರೇಕಿನ ಪಿನ್ನು ಸವೆದಿದೆ. ಈ ಲಾರಿ ಇವತ್ತು ಯಾರೂ ಬಿಡುವುದು ಬೇಡ" ಎಂದು ಕೋಟು ತೊಟ್ಟು ಬಸ್ಸಿಗೆ ನಡೆದರು.

ಸಂಜೆ ಧಣಿಗಳಿಗೆ ವರದಿ ಒಪ್ಪಿಸಿದೆ. "ಹೆದರುಪುಕ್ಕ ಧಣಿ. ಸ್ಟಿಯರಿಂಗ್ ಮುಟ್ಟಲೇ ಇಲ್ಲ. ಉಪ್ಪಳ ಸ್ಟೇಷನ್ನಿಗೆ ಕಳಿಸಿಬಿಟ್ಟೆ."

ಹಿಂದೆಯೇ ಬಂದ ಡ್ರೈವರ್ ಬಿಚ್ಚಿ ತಂದ ಪಿನ್ನನ್ನು ಮೇಜಿನ ಮೇಲಿಟ್ಟ. ಬೆರಳಲ್ಲಿ ಒತ್ತಿದರೆ ಮುರಿಯುವಂತಿತ್ತು. "ಇಳಿಜಾರಿನಲ್ಲಿ ಇದು ಹೋಗಿದ್ದರೆ ನಾವಿಬ್ಬರೂ ಇರ್ತಿರಲಿಲ್ಲ ಧಣಿ. ಅವರು ಹೇಳಿದ್ದಕ್ಕೆ ಬದುಕಿದ್ದು."

ಧಣಿಗಳು ಪಿನ್ನನ್ನು ನೋಡಿದರು, ಆಮೇಲೆ ನನ್ನನ್ನು. ಪಿನ್ನೇ ಗಟ್ಟಿ ಎನಿಸಿರಬೇಕು. "ಇಷ್ಟು ವರ್ಷ ಬ್ರೇಕಿಲ್ಲದೆ ಓಡಿಸುವವರನ್ನು ಹುಡುಕಿದ್ದೆವಾ ನಾವು? ಕಾರು ತೆಗಿ ಮಾರಾಯ!"

ಪುಣ್ಯಕ್ಕೆ ರೈಲು ತಡ. ಪ್ಲಾಟ್‌ಫಾರ್ಮಿನಲ್ಲಿ ಅವರು ಪೆಟ್ಟಿಗೆಯ ಮೇಲೆ ಕೂತಿದ್ದರು. ಧಣಿಗಳು ನೇರವಾಗಿ ಕೇಳಿದರು: "ನಮ್ಮಲ್ಲಿಗೆ ಬರ್ತೀರಾ? ಎಂತ ಬೇಕು ಹೇಳಿ."

"ನಾನು ಇವತ್ತು ಹಾರುವುದಿಲ್ಲ ಅಂದ ದಿನ ಯಾರೂ ಒತ್ತಾಯ ಮಾಡಬಾರದು. ಎಲೆ ಕೊಳೆತರೂ ಸರಿ."

ಧಣಿಗಳು ಆಟಿ ತಿಂಗಳ ಜಡಿಮಳೆಯಲ್ಲೂ ಲಾರಿ ನಿಲ್ಲಿಸಿದವರಲ್ಲ. ರೈಲಿನ ಸದ್ದು ಹತ್ತಿರ ಬರುತ್ತಿತ್ತು. ಧಣಿಗಳು ತಲೆಯ ಟೋಪಿ ತೆಗೆದು ಕಂಕುಳಲ್ಲಿಟ್ಟರು.

"ಆಯಿತು. ಕೊಳೆಯಲಿ. ನೀವು ಹೇಳಿದ್ದೇ ಕೊನೆ."

"ತುಂಬಿಸುವುದು?"

"ಅದೂ ನೀವು ಹೇಳಿದ ಹಾಗೆ. ಇವನು ದೂರದಿಂದ ನೋಡಿ ಕಲಿತಾನೆ."

ಅವರು ಮೊದಲ ಸಲ ನಕ್ಕರು. ರೈಲು ಬಂತು, ನಿಂತಿತು, ಅವರನ್ನು ಬಿಟ್ಟು ಹೋಯಿತು. ಅಷ್ಟು ದೊಡ್ಡ ಜಮೀನುದಾರರಾದ ಧಣಿಗಳು ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡದ್ದು ಅಂದೇ. ನಾನು ಮರ್ಯಾದೆಯಿಂದ ಪೆಟ್ಟಿಗೆಗೆ ಕೈ ಹಾಕಿದೆ. ಧಣಿಗಳು ಕೊಡಲಿಲ್ಲ, ತಾವೇ ಎತ್ತಿಕೊಂಡು ಕಾರಿನತ್ತ ನಡೆದರು.